ಬಂದಿಲ್ಲ ಎಂದ ಕಾಗದ

ಸುಂಕಮ್ಮನವರೇ, ತಾಲ್ಲೂಕು ಕಚೇರಿಯ ಕಾಗದ ಬಂದಿತ್ತು. ಏಳು ವರ್ಷದ ನೀವು ಅಣ್ಣನ ಕೈ ಹಿಡಿದು ಪೆದ್ದಹರಿವಾಣದ ಶಾಲೆಯ ಬಾಗಿಲಿಗೆ ಬಂದ ಆ ಬೆಳಿಗ್ಗೆ ಅದು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಬಂದಿಲ್ಲ ಎಂದೆ—ನಿಮ್ಮಣ್ಣನ ಮುಖ ನೋಡಿಕೊಂಡೇ ಎಂದೆ.

ನಿಮ್ಮಣ್ಣ ಹನುಮಂತ ಮತ್ತು ನಾನು ಆದೋನಿಯ ಹೈಸ್ಕೂಲಿನಲ್ಲಿ ಒಂದೇ ತರಗತಿ. ಚರಿತ್ರೆಯ ಮೇಷ್ಟ್ರು ಒಂದು ದಿನ ಪತ್ರಿಕೆ ಹಿಡಿದು ಬಂದು ಅಮೆರಿಕದ ಸುದ್ದಿ ಹೇಳಿದರು. ಅಲ್ಲಿ ಒಂದೊಂದು ರಾಜ್ಯಕ್ಕೂ ತನ್ನದೇ ಜನ ಸೇರಿದ ದಂಡು. ಅದರ ಒಡೆಯ ಆ ರಾಜ್ಯದ ಗವರ್ನರ್. ಕರಿಯರ ಮಕ್ಕಳು ಒಳಗೆ ಹೋಗದಂತೆ ಒಬ್ಬ ಗವರ್ನರ್ ಆ ದಂಡನ್ನು ಶಾಲೆಯ ಮುಂದೆ ನಿಲ್ಲಿಸಿದ್ದ. 'ಆ ದಂಡಿಗೆ ಆಜ್ಞೆ ಕೊಡಲು ಅವನಿಗಿಂತ ಮೇಲಿನವರು ಇದ್ದಾರೇನು?' ಎಂದು ಮೇಷ್ಟ್ರು ಕೇಳಿದರು. ನಾನೇ ಎದ್ದು ಹೇಳಿದೆ—ದಂಡನ್ನು ದೇಶದ ಸೇವೆಗೆ ಕರೆದರೆ, ದೇಶದ ಅಧ್ಯಕ್ಷ. ಹಾಗೆಯೇ ಆಗಿತ್ತು. ತಡೆದ ದಂಡೇ ಆಮೇಲೆ ಮಕ್ಕಳಿಗೆ ಕಾವಲು ನಿಂತಿತು. ಮೇಷ್ಟ್ರು ನನ್ನ ಬೆನ್ನು ತಟ್ಟಿದರು.

ಮುಂದಿನ ಜೂನ್ ಹೊತ್ತಿಗೆ ನಾನು ಊರಕಾವಲು ದಳದ ನಾಯಕ. ಹತ್ತು ಹುಡುಗರು, ಖಾಕಿ ಅಂಗಿ, ಕೈಯಲ್ಲಿ ಬಡಿಗೆ, ನನಗೊಂದು ಸೀಟಿ. ದಳ ಊರ ಗೌಡರ ಮಾತಿನಲ್ಲಿತ್ತು. ಬೇಕೆಂದಾಗ ತಾಲ್ಲೂಕು ಕಚೇರಿ ಅದನ್ನು ತನ್ನ ಕೈಗೆ ತೆಗೆದುಕೊಳ್ಳಬಹುದಿತ್ತು. ನಿಮ್ಮ ಕೇರಿಯ ಮಕ್ಕಳು ಅಲ್ಲಿಯತನಕ ಬೇವಿನ ಮರದ ಕೆಳಗೇ ಕೂತು ಕಲಿಯುತ್ತಿದ್ದರು. ಊರೊಳಗಿನ ಶಾಲೆಗೆ ಅವರನ್ನು ಬಿಡಬೇಡಿ ಎಂದು ಗೌಡರು ಹೇಳಿದರು. ನಿಂತೆವು. ಅದೇ ಬೆಳಿಗ್ಗೆ ಕಚೇರಿಯ ಓಲೆ ತರುವ ತಲಾರಿ ನನ್ನ ಕೈಗೆ ಆ ಕಾಗದ ಕೊಟ್ಟಿದ್ದ. ತೆಲುಗಿನಲ್ಲಿ ನಾಲ್ಕೇ ಸಾಲು: ದಳ ಇಂದಿನಿಂದ ಕಚೇರಿಯ ಅಧೀನ; ಮಕ್ಕಳನ್ನು ಜೊತೆಗಿದ್ದು ಒಳಗೆ ಕರೆದೊಯ್ಯತಕ್ಕದ್ದು.

"ಭೀಮಾ, ಸರಿಯೋ. ತಂಗಿ ಹೆಸರು ಹಚ್ಚಬೇಕು," ಎಂದ ಹನುಮಂತ.

"ಗೌಡ್ರ ಅಪ್ಪಣೆ ಐತಿ. ನಾ ಏನ್ ಮಾಡ್ಲಿ?"

"ಕ್ಲಾಸಿನ್ಯಾಗ ಜಿಗಿದೆದ್ದು ಹೇಳಿದಾವ ನೀನ ಅಲ್ಲೇನು? ಮ್ಯಾಲಿನಾವ ಕರದ್ರ ಅವನ ಮಾತ ನಡೀತೈತಿ ಅಂತ?"

ಹಿಂದಿನಿಂದ, ಅದೇ ತರಗತಿಯಲ್ಲಿದ್ದ ನಮ್ಮ ದಳದ ಹುಡುಗನೊಬ್ಬ ಕೂಗಿದ: "ತಡಿಯಲೇ, ಅಮೆರಿಕಾದ ಅಧ್ಯಕ್ಷ ಆದೋನಿ ಬಸ್ಸಿನ್ಯಾಗ ಬರಾಕತ್ಯಾನ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಹನುಮಂತ ನಗಲಿಲ್ಲ.

"ತಾಲೂಕಾಫೀಸಿನ ಕಾಗದ ಬಂದೈತೇನು? ಅದೊಂದು ಹೇಳು ಸಾಕು."

"ಬಂದಿಲ್ಲ."

ನೀವು ಸ್ಲೇಟನ್ನು ಲಂಗದ ಮರೆಗೆ ಸರಿಸಿದಿರಿ. ಅದನ್ನೂ ಕಿತ್ತುಕೊಳ್ಳುತ್ತೇವೆಂದು—

ಆಮೇಲೆ ವಿಚಾರಿಸಲು ಬಂದ ಕಚೇರಿಯ ಗುಮಾಸ್ತನಿಗೂ, ಕಾಗದ ಮೂರು ದಿನ ತಡವಾಗಿ ಬಂತು ಎಂದೇ ಹೇಳಿದೆ. ಅಷ್ಟರಲ್ಲಿ ನಿಮ್ಮಪ್ಪ ಹೆದರಿ ನಿಮ್ಮನ್ನು ಪೆದ್ದಕಡುಬೂರಿಗೆ, ಸೋದರತ್ತೆಯ ಮನೆಗೆ ಕಳಿಸಿದ್ದರು—ಹತ್ತಿ ಹೊಲದ ಕೆಲಸಕ್ಕೆ. ಮರುವರ್ಷ ಕೇರಿಯ ಬೇರೆ ಮಕ್ಕಳು ಶಾಲೆಯೊಳಗೆ ಕೂತರು. ನೀವು ಬರಲಿಲ್ಲ. ಹನುಮಂತ ಸಾಯುವತನಕ ನನ್ನೊಡನೆ ಮಾತಾಡಿದ. ಆ ದಿನದ ಮಾತು ಮಾತ್ರ ಎತ್ತಲಿಲ್ಲ. ಅವನಿಗೆ ಗೊತ್ತಿತ್ತೋ—ಕೇಳುವ ಧೈರ್ಯ ನನಗಾಗಲಿಲ್ಲ.

ಗೌಡರಿಗೆ ಹೆದರಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಕಾಗದ ತೋರಿಸಿದ್ದರೆ ಆ ಹತ್ತು ಹುಡುಗರ ಎದುರು ನಿಮ್ಮ ಕೈ ಹಿಡಿದು ನಾನೇ ಒಳಗೆ ನಡೆಯಬೇಕಿತ್ತು. ಆ ಹತ್ತು ಹೆಜ್ಜೆ ನನಗೆ ಅವಮಾನ ಎನಿಸಿತು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಉತ್ತರ ಕೊಡುವ ಭಾರವೂ ನಿಮ್ಮ ಮೇಲೆಯೇ ಬೀಳುತ್ತದೆ. ಇದನ್ನು ಓದಲು ನಿಮಗೆ ಬರುವುದಿಲ್ಲ—ಅದಕ್ಕೆ ಕಾರಣ ಬರೆದ ಈ ಕೈ. ಹಾಗಾಗಿ ಬೇರೆಯವರಿಂದ ಓದಿಸುವುದಿಲ್ಲ. ಸುಳ್ಳನ್ನು ಊರ ಮುಂದೆ ಹೇಳಿದ್ದೆ. ಸೋಮವಾರ ಗ್ರಾಮಸಭೆಯಿದೆ. ಎಲ್ಲರ ಮುಂದೆ ಎದ್ದು ಇದನ್ನು ನಾನೇ ಓದುತ್ತೇನೆ. ಕೂರು ಎಂದು ಯಾರು ಹೇಳಿದರೂ ಮುಗಿಯುವತನಕ ಕೂರುವುದಿಲ್ಲ.