ಸುಳ್ಳು ಹೇಳದ ಬ್ರಹ್ಮ

ನಮ್ಮನೆಯವರನ್ನು ಏನನ್ನೂ ಕೇಳಬಾರದು. ಕೇಳಿದರೆ "ಗೊತ್ತಿಲ್ಲೆ" ಅನ್ನುತ್ತಾರೆ. ಹಾಲು ಒಡೆದಿದೆಯೋ ನೋಡಿ ಎಂದರೆ ಮೂಸಿ ನೋಡಿ, ನಾಲಿಗೆಗೆ ಹಚ್ಚಿಕೊಂಡು, ಬೆಳಕಿಗೆ ಹಿಡಿದು, ಕೊನೆಗೆ "ಖಾತ್ರಿ ಇಲ್ಲೆ" ಅನ್ನುತ್ತಾರೆ. ಅಷ್ಟರಲ್ಲಿ ಒಡೆಯದ ಹಾಲೂ ಒಡೆದಿರುತ್ತದೆ. ಇಂಥ ಮನುಷ್ಯ ಹೇರೂರಿನ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಊರವರಿಗೆ ನಾಗಪತಿ ಮಾಸ್ತರು, ನನಗೆ ಇಪ್ಪತ್ತೆರಡು ವರ್ಷದ ತಲೆನೋವು.

ಜಗತ್ತು ಹೇಗೆ ಹುಟ್ಟಿತು ಎಂದು ಒಂಬತ್ತನೇ ಕ್ಲಾಸಿಗೆ ಹೇಳಿಕೊಡಲು ನನ್ನ ದೋಸೆ ಹಿಟ್ಟಿನ ಪಾತ್ರೆಯನ್ನೇ ಶಾಲೆಗೆ ಒಯ್ಯುತ್ತಿದ್ದರು. ಮೇಲೆ ಸಾಸಿವೆ ಕಾಳು ಉದುರಿಸಿ, ಹಿಟ್ಟು ಉಬ್ಬಿದ ಹಾಗೆ ಕಾಳುಗಳು ಒಂದರಿಂದೊಂದು ದೂರ ಸರಿಯುವುದನ್ನು ಮಕ್ಕಳಿಗೆ ತೋರಿಸುವುದು. ನಕ್ಷತ್ರಗಳೂ ಹೀಗೇ ದೂರವಾಗುತ್ತಿವೆ, ಹಾಗಾದರೆ ಮೊದಲು ಎಲ್ಲ ಒಂದೇ ಕಡೆ ಇತ್ತು ಎಂದು. ಅದಕ್ಕೂ ಮೊದಲು ಏನಿತ್ತು ಸರ್ ಎಂದು ಯಾರಾದರೂ ಕೇಳಿದರೆ, "ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ." ಅವತ್ತು ಮನೆಯಲ್ಲಿ ದೋಸೆ ಇಲ್ಲ, ಶಾಲೆಯಲ್ಲಿ ಉತ್ತರ ಇಲ್ಲ.

ಇದೇ ಮನುಷ್ಯ ಬೆಳಗ್ಗೆ ಮಿಂದು ಮಡಿಯುಟ್ಟು ಒಂದು ತಾಸು ಶಿವಪೂಜೆ ಮಾಡುತ್ತಿದ್ದರು. ತೊಂಬತ್ತೈದರ ದೀಪಾವಳಿಯ ಸೂರ್ಯಗ್ರಹಣದಂದು ವೆಲ್ಡಿಂಗ್ ಗಾಜು ಹಿಡಿದು ಊರ ಮಕ್ಕಳಿಗೆಲ್ಲ ಸೂರ್ಯನನ್ನು ತೋರಿಸಿ, ಗ್ರಹಣ ಬಿಟ್ಟ ಮೇಲೆ ಹೊಳೆಗೆ ಹೋಗಿ ಮಿಂದು ಬಂದರು. ಸಿರಸಿಯ ವಿಚಾರವಾದಿಗಳು ಮಿಂದದ್ದಕ್ಕೆ ನಕ್ಕರು. ದೇವಸ್ಥಾನದವರು ನೋಡಿದ್ದಕ್ಕೆ ಮುಖ ಸಿಂಡರಿಸಿದರು. ಮಹಾಸ್ಫೋಟ ನಮ್ಮ ಪುರಾಣದಲ್ಲೇ ಇದೆ ಅಂತ ಹೇಳಿ ಮಾಸ್ತರೇ ಎಂದು ಒಬ್ಬರು, ಪುರಾಣವೆಲ್ಲ ಕಾಗಕ್ಕ ಗುಬ್ಬಕ್ಕನ ಕಥೆ ಅಂತ ಹೇಳಿ ಎಂದು ಇನ್ನೊಬ್ಬರು ನಮ್ಮ ಜಗಲಿಗೆ ಬರುತ್ತಿದ್ದರು. ಇಬ್ಬರಿಗೂ ಚಹಾ ಮಾಡಿ ಸುಸ್ತಾಗುವವಳು ನಾನು. ಇವರ ಉತ್ತರ ಏನೆಂದು ಬೇರೆ ಹೇಳಬೇಕಾಗಿಲ್ಲ.

ಇವರಿಗಿದ್ದ ಆಸೆ ಒಂದೇ, ತಾಳಮದ್ದಲೆ. ವೇಷವಿಲ್ಲದೆ ಕುಳಿತಲ್ಲೇ ಪುರಾಣದ ಪಾತ್ರವಾಗಿ ವಾದ ಮಾಡುವುದು. ಹದಿನೈದು ವರ್ಷ ಇವರಿಗೆ ದೂತನ ಪಾತ್ರ ಬಿಟ್ಟು ಬೇರೆ ಸಿಕ್ಕಿರಲಿಲ್ಲ. ತೊಂಬತ್ತೊಂಬತ್ತರ ಶ್ರಾವಣದಲ್ಲಿ, ಸಂಘ ನಡೆಸುವ ಶಾಂತಾರಾಮ ಹೆಗಡೆಯವರು ಬ್ರಹ್ಮನ ಪಾತ್ರ ಕೊಟ್ಟರು. ಚೆನ್ನಾಗಿ ಆದರೆ ದೊಡ್ಡ ಪಾತ್ರದವರ ಸಾಲಿನಲ್ಲಿ ಖಾಯಂ ಜಾಗ, ಎಡವಟ್ಟಾದರೆ ದೂತನ ಪಾತ್ರವೂ ಇಲ್ಲ. ಅವತ್ತು ಇವರು ಎರಡು ಸಲ ಊಟಕ್ಕೆ ಕುಳಿತರು, ಮೊದಲನೆಯದು ಮರೆತುಹೋಗಿತ್ತಂತೆ.

ಕಥೆ ಹಳೆಯದು. ನಾನು ಹೆಚ್ಚೋ ನೀನು ಹೆಚ್ಚೋ ಎಂದು ಬ್ರಹ್ಮ, ವಿಷ್ಣು ಜಗಳಾಡುವಾಗ ನಡುವೆ ಬೆಂಕಿಯ ಕಂಬವಾಗಿ ಶಿವ ನಿಲ್ಲುತ್ತಾನೆ. ವಿಷ್ಣು ಬುಡ ಹುಡುಕಿ ಹೋಗಿ, ಸಿಗಲಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ತುದಿ ಹುಡುಕಿ ಮೇಲೆ ಹಾರಿದ ಬ್ರಹ್ಮ ಮಾತ್ರ ಕಂಡೆ ಎಂದು ಸುಳ್ಳು ಹೇಳಿ, ಕೇದಿಗೆ ಹೂವಿನಿಂದ ಸಾಕ್ಷಿ ಹೇಳಿಸುತ್ತಾನೆ. ಶಿವ ಇಬ್ಬರಿಗೂ ಶಾಪ ಕೊಡುತ್ತಾನೆ. ಬ್ರಹ್ಮನಿಗೆ ಗುಡಿ ಇಲ್ಲ, ಕೇದಿಗೆ ಶಿವಪೂಜೆಗೆ ಇಲ್ಲ.

ಒಂದು ತಿಂಗಳು ನಾನೇ ಎದುರು ಕುಳಿತು ಅಭ್ಯಾಸ ಮಾಡಿಸಿದೆ. ಸುಳ್ಳಿನ ಜಾಗ ಬಂದಾಗೆಲ್ಲ "ಅದನ್ನ ಅಲ್ಲೇ ಹೇಳ್ತೆ" ಎಂದು ಎದ್ದು ಹೋಗುತ್ತಿದ್ದರು. ಆಗಲೇ ನನಗೆ ಗೊತ್ತಾಗಬೇಕಿತ್ತು.

ಭಾನುವಾರ ಮಧ್ಯಾಹ್ನ ಸೊಸೈಟಿಯ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಶಾಲೆಯ ಮಕ್ಕಳು. ಕೇದಿಗೆಯ ಪಾತ್ರ ಯಲ್ಲಾಪುರದ ಖಾಜಾ ಹುಸೇನರದು. ಟೆಂಪೊ ಓಡಿಸುವ ಅವರು ತಾಳಮದ್ದಲೆಯ ಹುಚ್ಚಿನಿಂದ ಅರ್ಧ ಪುರಾಣ ಬಾಯಿಪಾಠ ಮಾಡಿಕೊಂಡವರು. ಮೂರು ತಾಸು ಕಾದು ಒಂದು ಸುಳ್ಳು ಸಾಕ್ಷಿ ಹೇಳುವುದಷ್ಟೇ ಅವತ್ತು ಅವರ ಕೆಲಸ.

ವಿಷ್ಣುವಾಗಿದ್ದ ಶಾಂತಾರಾಮ ಹೆಗಡೆಯವರು ಬುಡ ಕಾಣಲಿಲ್ಲವೆಂದು ಹೇಳಿ ಇವರ ಕಡೆ ತಿರುಗಿದರು. "ಬ್ರಹ್ಮನೇ, ನೀನೋ ಲೋಕದ ಹುಟ್ಟನ್ನು ಹಲಗೆಯ ಮೇಲೆ ಬರೆದು ತೋರಿಸುವವನು. ಹೇಳು, ತುದಿ ಕಂಡೆಯಾ?"

ಜನ ನಕ್ಕರು. ಇವರು ಮಕ್ಕಳ ಕಡೆ ಒಮ್ಮೆ ನೋಡಿದರು.

"ಯುಗಗಟ್ಟಲೆ ಹಾರಿದೆ. ಹಾರಿದಷ್ಟೂ ಕಂಬ ಮೇಲೆಯೇ ಇತ್ತು. ತುದಿ ಕಂಡಿಲ್ಲ."

ತಾಳಮದ್ದಲೆಯಲ್ಲಿ ಹೇಗೆ ಬೇಕಾದರೂ ವಾದ ಮಾಡಬಹುದು, ಕಥೆ ತಿರುಗಿಸುವ ಹಾಗಿಲ್ಲ. ಭಾಗವತರು ಕೆಮ್ಮಿದರು. ಪಾಪ, ಇನ್ನೊಂದು ಅವಕಾಶ ಕೊಡೋಣವೆಂದು ಅದೇ ಪದ್ಯವನ್ನು ಮತ್ತೆ ಹಾಡಿದರು. ಹೇಳಿಬಿಡಿ, ಹೇಳಿಬಿಡಿ ಎಂದು ನಾನು ಹಿಂದಿನ ಸಾಲಿನಲ್ಲಿ ಸೆರಗು ಹಿಂಡುತ್ತಿದ್ದೆ.

"ಕಂಡೆನೆಂದರೆ ಗೆದ್ದೆ," ಅಂದರು ಇವರು. "ಆದರೆ ಕಂಡಿಲ್ಲ. ಕಾಣದೆಯೂ ನಾನು ಕೈಮುಗಿಯಬಲ್ಲೆ."

ಎಲ್ಲರೂ ಖಾಜಾ ಹುಸೇನರ ಮುಖ ನೋಡಿದರು. ಅವರು ಗಂಟಲು ಸರಿಮಾಡಿಕೊಂಡರು. "ಸುಳ್ಳು ಸಾಕ್ಷಿಗೆಂದು ನನ್ನನ್ನು ಕರೆಸಿದರು. ಬ್ರಹ್ಮನೇ ನಿಜ ಹೇಳಿದ ಮೇಲೆ ಹೂವು ಯಾಕೆ ಸುಳ್ಳು ಹೇಳಲಿ? ಇವನು ತುದಿ ಕಂಡಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ."

ಶಿವನ ಪಾತ್ರದ ಮುದುಕರು ಗಾಬರಿಯಿಂದ ಮನೆಮಾತಿಗೇ ಇಳಿದುಬಿಟ್ಟರು. "ಹಂಗಾದ್ರೆ ಆನು ಯಾರಿಗೆ ಶಾಪ ಕೊಡವು?"

ಹಾಲ್ ನಗುವಿನಲ್ಲಿ ಮುಳುಗಿತು. ಭಾಗವತರು ಮಂಗಳ ಹಾಡಿ ಮುಗಿಸಿದರು. ಶಾಂತಾರಾಮ ಹೆಗಡೆಯವರು ಶಾಲು ಕೊಡವುತ್ತ, ಇವರ ಮುಖ ನೋಡದೆ ಹೇಳಿದರು: "ಮಾಸ್ತರ್ರೇ, ಇನ್ನು ಬರಡಿ. ಪಾಠ ಹೇಳಲೆ ನಿಂಗಕ್ಕೆ ಶಾಲೆ ಇದ್ದು." ಅಲ್ಲಿಗೆ ದೂತನ ಪಾತ್ರವೂ ಹೋಯಿತು.

ಖಾಜಾ ಹುಸೇನರ ಟೆಂಪೊದಲ್ಲಿ ಮನೆ ಮುಟ್ಟುವ ತನಕ ಬೈದೆ. "ಒಂದು ಸುಳ್ಳು! ಅದೂ ನಿಂಗ್ಳದ್ದಲ್ಲ, ಬ್ರಹ್ಮಂದು! ಹದಿನೈದು ವರ್ಷ ಕಾದಿದ್ದು ಇದಕ್ಕನ?"

"ನಾಳೆ ಆ ಮಕ್ಕಳ ಎದುರಿಗೆ ಎಂತ ಹೇಳಿ ನಿಲ್ಲವು?" ಅಂದರು ಇವರು.

"ಬೈಬೇಡ್ರಿ ಅಮ್ಮಾ," ಎಂದರು ಖಾಜಾ ಹುಸೇನರು. "ನಾವೂ ದಿನಕ್ಕೆ ಐದು ಸಲ ಕಾಣದೇ ತಲೆ ಬಗ್ಗಿಸ್ತೀವಲ್ರಿ."

"ನೀವು ರಸ್ತೆ ನೋಡಿ" ಎಂದೆ.

ಮುಂದಿನ ಭಾನುವಾರ ಊಟವಾದ ಮೇಲೆ ಇವರು ಒಗೆದ ಅಂಗಿ ಹಾಕಿ, ಗುಂಡಿ ಹಚ್ಚಿ, ಬಾಗಿಲ ತನಕ ಹೋದರು. ಎಲ್ಲಿಗೂ ಹೋಗಲಿಕ್ಕಿಲ್ಲ ಎಂದು ಅಲ್ಲಿ ನೆನಪಾಯಿತು. ಒಂದೊಂದೇ ಗುಂಡಿ ಬಿಚ್ಚಿ ಅಂಗಿಯನ್ನು ಮತ್ತೆ ಗೂಟಕ್ಕೆ ಹಾಕಿದರು. ಇವರ ಮೇಲಿನ ಸಿಟ್ಟು ಇಳಿದಿರಲಿಲ್ಲ, ಆದರೆ ಉಳಿದವರ ಮೇಲಿನ ಸಿಟ್ಟು ಅದಕ್ಕಿಂತ ದೊಡ್ಡದಾಯಿತು.

ಮರುದಿನ ಬೆಳಗ್ಗೆ ಹಳ್ಳದ ದಂಡೆಗೆ ಹೋಗಿ, ಕೈಯೆಲ್ಲ ಮುಳ್ಳು ಗೀರಿಸಿಕೊಂಡು ಒಂದು ಕೇದಿಗೆ ಕೊಯ್ದು ತಂದೆ. ದೇವರ ಮನೆಯಲ್ಲಿ ಶಿವಲಿಂಗದ ಮೇಲೆ ಇಟ್ಟೆ.

ಇವರು ಮಡಿಯುಟ್ಟು, ತಂಬಿಗೆ ಹಿಡಿದು ಬಂದವರು ಹೊಸಿಲಲ್ಲೇ ಹೌಹಾರಿದರು. "ಎಂತ ಮಾಡಿದೆ ಇದು! ಶಿವಂಗೆ ಕೇದಿಗೆ ಆಗ್ತಿಲ್ಲೆ!"

"ಎಂತಕ್ಕೆ ಆಗ್ತಿಲ್ಲೆ?"

"ಅದು ಸುಳ್ಳು ಸಾಕ್ಷಿ..." ಎಂದು ಅಲ್ಲೇ ನಿಂತರು.

"ಎಲ್ಲಿ ಹೇಳಿದ್ದು? ಅವತ್ತು ನಿಂಗ್ಳ ಪಕ್ಕದಲ್ಲೇ ಕೂತು ನಿಜ ಹೇಳಿತ್ತಲಿ. ಹೇಳಿ, ಈಗ ಇದು ಶಿವಂಗೆ ಆಗ್ತ, ಆಗ್ತಿಲ್ಯ?"

ಹೂವನ್ನು ನೋಡಿದರು, ನನ್ನ ಗೀರಿದ ಕೈ ನೋಡಿದರು.

"ಗೊತ್ತಿಲ್ಲೆ" ಅಂದರು.

ಹೂವು ತೆಗೆಯಲಿಲ್ಲ. ಮಣೆಯ ಮೇಲೆ ಕುಳಿತು, ಅದು ಜಾರದ ಹಾಗೆ ಪಕ್ಕದಿಂದ ನೀರು ಎರೆಯತೊಡಗಿದರು. ಇಪ್ಪತ್ತೆರಡು ವರ್ಷದಲ್ಲಿ ಆ ಮಾತಿಗೆ ನನಗೆ ಸಿಟ್ಟು ಬಾರದೇ ಹೋದದ್ದು ಅವತ್ತೊಂದೇ ದಿನ.