ನೀರುಗಂಟಿಗೆ ಎಲೆ ಹಾಕಲಿಲ್ಲ

ಹೋದ ಭಾನುವಾರ ನನ್ನದೇ ಅಂಕಣದ ಊಟ ಉಂಡು ಬಂದೆ. ಇನ್ನೂ ಅರಗಿಲ್ಲ.

ನಿಮಗೆ ನೆನಪಿರಬೇಕು, ಮೂರು ತಿಂಗಳ ಹಿಂದೆ ಇದೇ ಜಾಗದಲ್ಲಿ ಕೂಗಾಡಿದ್ದೆ. ಇಂಗ್ಲಿಷರು ಹೋಗಿ ಇಷ್ಟು ವರ್ಷವಾದರೂ ಅವರು ಬಿಟ್ಟುಹೋದ ಕರಿಕೋಟಿನ ಹಿಂದೆ ಯಾಕೆ ಅಲೆಯುತ್ತೀರಿ? ನಮ್ಮ ಅಜ್ಜಂದಿರು ಅರಳಿಕಟ್ಟೆಯ ಮೇಲೆ ನ್ಯಾಯ ತೀರಿಸಿ, ಜಗಳವಾಡಿದವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣ್ಣಿಸುತ್ತಿರಲಿಲ್ಲವೇ? ಆ ಪದ್ಧತಿ ಮತ್ತೆ ಬರಲಿ ಅಂತ. (ಮೆಚ್ಚಿ ಕಾಗದ ಬರೆದವರಲ್ಲಿ ಇಬ್ಬರು ವಕೀಲರೂ ಇದ್ದರು. ವಿಚಿತ್ರ.)

ಮಂಡ್ಯದ ಹತ್ತಿರದ ಒಂದು ಹಳ್ಳಿಯವರು ಅದನ್ನು ನಿಜಕ್ಕೂ ಮಾಡಿಬಿಟ್ಟರು. ಊರಿನ ಹೆಸರು ಬೇಡ. ನಾಲೆ ನೀರಿನ ಸರದಿಗಾಗಿ ಅಲ್ಲಿ ಎರಡು ಮನೆಯವರು ಹೊಡೆದಾಡಿಕೊಂಡು ನಾಲ್ಕು ವರ್ಷ. ಮಂಡ್ಯ ಕೋರ್ಟಿನಲ್ಲಿ ಕೇಸು. ಮಾತುಕತೆ ಇಲ್ಲ, ಹೆಣ್ಣು ಕೊಡುವುದು ತರುವುದು ಇಲ್ಲ. ಈಗ ಕಟ್ಟೆಯ ಮೇಲೆ ರಾಜಿ. ‘ನೀವು ಬರ್ದಿದ್ದು ಓದೇ ಮಾಡಿರೋದು, ಬರ್ಲೇಬೇಕು’ ಎಂದು ಊರ ಯಜಮಾನ ಪುಟ್ಟೇಗೌಡರು ಮನೆಗೇ ಬಂದು ಕರೆದರು. ಉಬ್ಬಿಹೋದೆ.

ಎರಡೂ ಮನೆಯ ಹಿರಿಯರು ವೀಳ್ಯ ಬದಲಾಯಿಸಿಕೊಂಡರು. ಪಕ್ಕಪಕ್ಕ ಉಣ್ಣಲು ಕೂತರು. ಒಬ್ಬರ ಎಲೆಗೆ ಇನ್ನೊಬ್ಬರು ತಾವೇ ತುಪ್ಪ ಬಡಿಸಿದರು. ನನ್ನ ಕಣ್ಣು ಒದ್ದೆಯಾಯಿತು. ಪಾಯಸ ಎರಡು ಸಲ ಹಾಕಿಸಿಕೊಂಡೆ.

ಕೈತೊಳೆಯಲು ಬಂದರೆ ಬೇಲಿಯಾಚೆ ಒಬ್ಬ ನಿಂತಿದ್ದ. ಬಲಗೈ ಮೊಣಕೈಯಲ್ಲಿ ಸೊಟ್ಟ. ಕೆಂಪಯ್ಯ, ಊರಿನ ನೀರುಗಂಟಿ. ಸರದಿಯ ಪ್ರಕಾರ ಗದ್ದೆಗಳಿಗೆ ನೀರು ತಿರುಗಿಸುವವನು. ಅವತ್ತು ಜಗಳ ಬಿಡಿಸಲು ಹೋಗಿದ್ದವನು ಇವನೇ. ಎರಡೂ ಕಡೆಯ ದೊಣ್ಣೆ ಬಿದ್ದದ್ದು ಇವನ ಕೈಗೇ. ಕೇಸು ನಡೆಯುತ್ತಿದ್ದುದೇ ಆ ಕೈಗಾಗಿ.

‘ಊಟ ಆಯ್ತೇನಪ್ಪಾ?’ ಎಂದೆ, ಪೆದ್ದನ ಹಾಗೆ.

‘ಇಲ್ಲ ಬುದ್ಧಿ. ಕಾಗ್ದುಕ್ಕೆ ಎಬ್ಬೆಟ್ಟು ಒತ್ತುಸ್ಕಂಡ್ರು. ರಾಜಿ ಆಯ್ತು, ಕೇಸು ವಾಪಸ್ಸು ಅಂದ್ರು. ಈ ಕೈಲಿ ಗುದ್ಲಿ ಇಡಿಯಾಕಾಗಕಿಲ್ಲ, ನೀರ್ ಬುಡಕ್ಕೆ ಬ್ಯಾರೆಯೋನ್ನ ನೋಡ್ಕತೀವಿ ಅಂತಾವ್ರೆ. ತೆಪ್ಪಾಯ್ತು ಅಂತ ನಂಗೂ ಒಂದ್ ಮಾತು ಅನ್ಬೌದಾಗಿತ್ತು.’

ಪುಟ್ಟೇಗೌಡರನ್ನು ಕೇಳಿದೆ: ಇವನ ಎಲೆ ಎಲ್ಲಿ?

‘ಕೇರಿಯೋನು ಕಟ್ಟೆ ಮ್ಯಾಲೆ ಎಂಗೆ ಕೂತಾನು ಸ್ವಾಮಿ? ಅವನ ಅಟ್ಟಿ ಬಾಗ್ಲಿಗೆ ಮುದ್ದೆ ಕಳಿಸ್ತೀವಿ ಬುಡಿ. ಅಜ್ಜಂದ್ರ ಪದ್ಧತಿ ಅಂತ ನೀವೇ ಬರ್ದಿದ್ರಲ್ಲಾ?’

ಹೌದು, ಬರೆದದ್ದು ನಾನೇ. ಮೈಯೆಲ್ಲಾ ಉರಿದುಹೋಯಿತು. ಕೈ ಮುರಿದವರು ಪಂಕ್ತಿಯಲ್ಲಿ, ಮುರಿಸಿಕೊಂಡವನು ಬೇಲಿಯಾಚೆ. ಇದು ಯಾವ ಸೀಮೆಯ ರಾಜಿ? ಬಿಳಿಯರು ಮೆಟ್ಟಿದರೆ ಗುಲಾಮಗಿರಿ, ನಾವು ಮೆಟ್ಟಿದರೆ ಸಂಸ್ಕೃತಿಯೇ? ಅಜ್ಜಂದಿರ ಪಂಕ್ತಿಯನ್ನು ಹೊಗಳುವಾಗ ಅದರ ಆಚೆ ನಿಂತಿದ್ದವರು ಯಾರು ಅಂತ ನಾನು ಒಂದು ಸಲವೂ ಯೋಚಿಸಿರಲಿಲ್ಲ. ನಾಚಿಕೆಯಾಗಬೇಕು ನನಗೆ.

ಕಟ್ಟೆ ಬೇಕು, ಈಗಲೂ ಹೇಳುತ್ತೇನೆ. ಆದರೆ ಕೆಂಪಯ್ಯ ಹತ್ತಿ ಕೂರಲಾಗದ ಕಟ್ಟೆ ನನಗೆ ಬೇಡ. ಬರುವ ಬುಧವಾರ ಕೋರ್ಟಿಗೆ ಆ ರಾಜಿ ಕಾಗದ ಒಪ್ಪಿಸುವ ವಾಯಿದೆ. ಅವನ ಜೊತೆ ನಾನೂ ಕೋರ್ಟಿಗೆ ಹೋಗುತ್ತಿದ್ದೇನೆ, ಆ ಹೆಬ್ಬೆಟ್ಟಿನ ಕತೆ ಹೇಳಲು. (ಇಬ್ಬರು ವಕೀಲರಲ್ಲಿ ಒಬ್ಬರಾದರೂ ಬನ್ನಿ.)

ಬಸ್ಸಿಗೆ ಹೊರಟಾಗ ಕೆಂಪಯ್ಯ ಮೆಲ್ಲಗೆ ಹೇಳಿದ: ‘ಕೋರ್ಟಲ್ಲಿ ಜವಾನ ನನ್ ಎಸ್ರ ಮೂರ್ ದಪ ಕೂಗಿ ಕರುದ್ನು ಬುದ್ಧಿ.’

ನಮ್ಮ ಕಟ್ಟೆಗೆ ಒಂದೇ ಒಂದು ಸಲ ಕರೆಯಲು ಏನಾಗಿತ್ತು?