ಆಕೆ ಮಡಿಚಿಕೊಟ್ಟ ಹಾಳೆ

ಕಳೆದ ವಾರ ಆಕೆಯ ಮಗಳು ಬಸವಕಲ್ಯಾಣದ ನಮ್ಮ ಮನೆಗೆ ಬಂದು ಎರಡು ಹಳೆಯ ಡೈರಿಗಳನ್ನು ಮೇಜಿನ ಮೇಲಿಟ್ಟಳು. ತೆರೆಯುವ ಮೊದಲೇ ಕುಸುಬಿ ಎಣ್ಣೆಯ ವಾಸನೆ ಮೂಗಿಗೆ ಬಂತು. ಹೊಲಕ್ಕೆ ಹೋಗುವಾಗ ಆಕೆ ರೊಟ್ಟಿ, ಶೇಂಗಾ ಹಿಂಡಿ, ಡೈರಿ ಮೂರನ್ನೂ ಒಂದೇ ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಆ ಚಟ್ನಿಪುಡಿಗೆ ಹಾಕಿದ ಎಣ್ಣೆ ಹಾಳೆಗೆ ಇಳಿಯುತ್ತಿತ್ತು. ಹಾಳೆಯನ್ನೂ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತೀರೇನು ಎಂದು ನಾನು ಕಾಡಿಸುತ್ತಿದ್ದೆ...

"ಅವ್ವ ಹೋಗಿ ತಿಂಗಳಾತ್ರಿ" ಎಂದಳು ಮಗಳು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಪಿಯುಸಿ ಮುಗಿಸಿ ದುಬಲಗುಂಡಿಯ ತವರುಮನೆಯಲ್ಲಿ ಕುಳಿತಿದ್ದೆ. ದೊಡ್ಡವರಿಗೆ ಅಕ್ಷರ ಕಲಿಸುವ ತರಗತಿ ಊರಿಗೆ ಬಂದಾಗ, ಕಲಿಸಲು ನಾನೇ ಮುಂದೆ ಬಂದೆ. ಕೂಲಿ ಹೆಂಗಸರ ಓಣಿಯಲ್ಲಿದ್ದ ಬುದ್ಧವಿಹಾರದ ಕಟ್ಟೆಯ ಮೇಲೆ ಸಂಜೆ ಆರಕ್ಕೆ ಎಲ್ಲರೂ ಸೇರುತ್ತಿದ್ದರು. ನಾನು ಅವರ ಪಕ್ಕದಲ್ಲೇ ಕುಳಿತು ಕೈ ಹಿಡಿದು ಬರೆಸುತ್ತಿದ್ದೆ. ನಮ್ಮ ಮನೆತನದ ಹುಡುಗಿ ಆ ಕಟ್ಟೆಯ ಮೇಲೆ ಕುಳಿತದ್ದೇ ಒಂದು ಕ್ರಾಂತಿ ಎಂದುಕೊಂಡಿದ್ದೆ. ಜಂಬಕ್ಕೇನು ಕಡಿಮೆ ಇರಲಿಲ್ಲ.

ಆಕೆ ನಮ್ಮ ಹೊಲಕ್ಕೂ ಕಳೆ ತೆಗೆಯಲು ಬರುತ್ತಿದ್ದಳು. ಮನೆಯಲ್ಲಿ ಎಲ್ಲರೂ ಹೆಸರು ಹಿಡಿದು ಕರೆಯುತ್ತಿದ್ದೆವು. ತರಗತಿಯಲ್ಲಿ ಮಾತ್ರ ನಾನು ಮರ್ಯಾದೆಯಿಂದ 'ಬಾಯಿ' ಎನ್ನುತ್ತಿದ್ದೆ. ಅಪ್ಪನಿಗೆ ನಮ್ಮ ತೊಗರಿ ಮಾರಿಕೊಡುತ್ತಿದ್ದ ಹುಮನಾಬಾದಿನ ಅಡತಿ ಅಂಗಡಿಯಿಂದ ಪ್ರತಿವರ್ಷ ಡೈರಿ ಸಿಗುತ್ತಿತ್ತು. ವರ್ಷ ಕಳೆದರೂ ಖಾಲಿಯೇ ಉಳಿದ ಎರಡನ್ನು ಆಕೆಗೆ ಕೊಟ್ಟು, ದಿನಕ್ಕೆರಡು ಸಾಲು ಬರೆಯಿರಿ, ಕಂಡದ್ದನ್ನು ಕಂಡ ಹಾಗೆ ಬರೆಯಿರಿ ಎಂದಿದ್ದೆ. ಅಚ್ಚಾದ ವಾರಕ್ಕೂ ನಡೆಯುವ ವಾರಕ್ಕೂ ತಾಳೆಯಾಗುತ್ತಿರಲಿಲ್ಲ. ಆಕೆ ಪ್ರತಿದಿನ ಅಚ್ಚಿನ ವಾರವನ್ನು ಹೊಡೆದುಹಾಕಿ ಸರಿಯಾದದ್ದನ್ನು ಬರೆದು, ಆಮೇಲೆ ಶುರುಮಾಡುತ್ತಿದ್ದಳು.

"ಮಂಗಳವಾರ. ಹೆಸರಕಾಯಿ ಬಿಡಿಸಿದ್ವಿ. ಮಗಳಿಗಿ ಜ್ವರ ಇಳೀತು."

"ಬುಧವಾರ. ಮಳಿ. ಕೆಲಸಿಲ್ಲ. ಗೋಡಿಗಿ ಮಣ್ಣ ಮೆತ್ತಿದೆ."

"ಗುರುವಾರ. ತೊಗರ್ಯಾಗ ಕಸ ತಗದ್ವಿ. ಎಲ್ಲಾರೂ ಹಾಡಿದ್ರು. ನಂಗ ಗಂಟಲ ನೋವು, ಸುಮ್ಮ ಕೇಳಿದೆ."

ಇಷ್ಟೇ. ಓದಿದರೆ ಆಕೆ ಎದುರು ಕುಳಿತು ಮಾತಾಡಿದ ಹಾಗೆ ಇರುತ್ತಿತ್ತು. ನನಗೆ ಅದೆಷ್ಟು ಇಷ್ಟವಾಗುತ್ತಿತ್ತೆಂದರೆ, ಹುಮನಾಬಾದಿನಲ್ಲಿ ಹೊಸದಾಗಿ ಅಕ್ಷರ ಕಲಿತವರ ಸಮಾರಂಭವಿದೆ ಎಂದಾಗ ಆಕೆಯ ಡೈರಿಯನ್ನೇ ಓದಬೇಕೆಂದು ಹಟ ಹಿಡಿದೆ. ಆಕೆ ಎರಡು ದಿನ ಯೋಚಿಸಿ ಒಪ್ಪಿಕೊಂಡಳು. ಬಸ್ಸಿನಿಂದ ಇಳಿದ ಮೇಲೆ, ಹಿಂದಿನ ದಿನವಷ್ಟೇ ಬರೆದ ಹಾಳೆಯ ಮೂಲೆ ಮಡಿಚಿ ಡೈರಿಯನ್ನು ನನ್ನ ಕೈಗಿಟ್ಟಳು.

"ಇದೊಂದ ಓದ್ರಿ ಅಕ್ಕೋರೆ. ಬ್ಯಾರೆ ಬ್ಯಾಡ."

"ನೀವೇ ಓದ್ರಲ್ಲಾ ಬಾಯಿ."

"ಮೈಕಿನ ಮುಂದ ನಂಗ ದನಿ ಬರಂಗಿಲ್ರಿ. ಮತ್ತ ನಿಮ್ಮ ಬಾಯಿಲೆ ಬಂದ್ರ ಮಂದಿ ಕೇಳ್ತಾರ."

ನಾನು ಮೊದಲೇ ಒಮ್ಮೆ ಓದಿಕೊಳ್ಳಬೇಕಿತ್ತು. ಸೀರೆಯ ನೆರಿಗೆ ಸರಿಮಾಡಿಕೊಳ್ಳುವುದರಲ್ಲೇ ಹೊತ್ತು ಹೋಯಿತು.

ವೇದಿಕೆಯ ಮೇಲೆ ಶುರುಮಾಡಿದೆ. "ಶುಕ್ರವಾರ. ಅಕ್ಕೋರ ಹೊಲದಾಗ ಕಸ ತಗದ್ವಿ. ಬಿಸಲ ಭಾಳ. ನೀರ ಕೇಳಿದ್ವಿ." ಅಷ್ಟರಲ್ಲಿ ಮುಂದಿನ ಸಾಲು ಕಣ್ಣಿಗೆ ಬಿತ್ತು: "ಅಮ್ಮೋರು ಮ್ಯಾಲಿಂದ ಬೊಗಸಿಗಿ ಹಾಕಿದ್ರು, ಅರ್ಧ ಮಣ್ಣಿಗಿ ಹೋಯ್ತು."

ಅಮ್ಮೋರು ಅಂದರೆ ನನ್ನ ಅವ್ವ. ಅವ್ವ ಕೆಟ್ಟವಳಲ್ಲ, ಊರಲ್ಲೆಲ್ಲ ಹಾಗೇ ಇತ್ತು ಎಂದು ಹೇಳಬಹುದು. ಹೇಳಿಕೊಂಡೂ ಇದ್ದೇನೆ, ವರ್ಷಗಟ್ಟಲೆ. ಆ ನೀರು ಹಾಕುವುದನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೆ. ಅದು ಬರೆಯುವಂಥ ಸಂಗತಿ ಎಂದು ಹೊಳೆದಿರಲಿಲ್ಲ. ಸಭೆಯ ಮುಂದಿನ ಕುರ್ಚಿಯಲ್ಲಿ ಅಪ್ಪ ರುಮಾಲು ಸುತ್ತಿಕೊಂಡು ಕುಳಿತಿದ್ದರು. ನಾನು ನೀರಿನ ಆ ಸಾಲನ್ನು ದಾಟಿಬಿಟ್ಟೆ. "ಸಂಜಿಗಿ ಅಕ್ಕೋರು ನನ್ನ ಕೈ ಹಿಡದು ಬರೆಸಿದ್ರು" ಎಂದು ಮುಗಿಸಿದೆ. ಚಪ್ಪಾಳೆಯೋ ಚಪ್ಪಾಳೆ. ನಾನು ಓದುವಾಗ ಆಕೆಯ ತುಟಿ ನನ್ನ ಜೊತೆ ಅಲುಗುತ್ತಿತ್ತು, ಎಲ್ಲ ಬಾಯಿಪಾಠ. ನಾನು ದಾಟಿದ ಕಡೆ ಅದು ನಿಂತಿತು.

ಮರಳುವ ಬಸ್ಸಿನಲ್ಲಿ ಮೆಲ್ಲಗೆ ಕೇಳಿದಳು. "ಒಂದ್ ಸಾಲ ಬಿಟ್ರಿ, ಅಕ್ಕೋರೆ."

"ಅಕ್ಷರ ತಿಳೀಲಿಲ್ಲ ಬಾಯಿ" ಎಂದೆ. "ಅಲ್ಲೇ ಭಾಳ ಗೀಚೀರಿ."

ಆಕೆ ತನ್ನ ಬೆರಳು ನೋಡಿಕೊಂಡಳು. "ಹೌದೇನ್ರಿ... ತಿದ್ದತೀನಿ."

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂಬುದು ನನ್ನಂಥವರನ್ನು ನೋಡಿಯೇ ಹುಟ್ಟಿದ ಗಾದೆ. ಬಿಟ್ಟದ್ದಕ್ಕಿಂತ ತಪ್ಪನ್ನು ಆಕೆಯ ಕೈಬರಹದ ಮೇಲೆ ಹಾಕಿದ್ದು ನನಗೆ ಈಗಲೂ ಚುಚ್ಚುತ್ತದೆ. ಅದಾದ ಮೇಲೆ ಆಕೆ ತರಗತಿಗೆ ಬಂದಳು, ನಕ್ಕಳು, ಮಾತಾಡಿದಳು. ಡೈರಿ ಮಾತ್ರ ತರಲಿಲ್ಲ. ನಾನೂ ಕೇಳಲಿಲ್ಲ. ಕೇಳದೆ ಇದ್ದರೆ ಸಾಕಾಗಿತ್ತು ನನಗೆ. ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದೆ. ತವರಿಗೆ ಹೋದಾಗ ದಾರಿಯಲ್ಲಿ ಸಿಕ್ಕರೆ "ಆರಾಮ ಇದ್ದೀರೇನ್ರಿ" ಎನ್ನುತ್ತಿದ್ದಳು, ಅಷ್ಟೇ...

ಎರಡನೆಯ ಡೈರಿಯಲ್ಲಿ ಆ ಮಡಿಚಿದ ಹಾಳೆ ಸಿಕ್ಕಿತು. ಅದನ್ನು ತಿರುವಿದೆ. ಶನಿವಾರ, ಅದೇ ಸಾಲು. ಭಾನುವಾರ, ಮತ್ತೆ ಅದೇ ಸಾಲು. ಸೋಮವಾರ, ಮಂಗಳವಾರ... ಬೇರೆ ಏನೂ ಇಲ್ಲ. ಹೆಸರಕಾಯಿ ಇಲ್ಲ, ತೊಗರಿಯಿಲ್ಲ, ಮಳೆಯಿಲ್ಲ. ದಿನಕ್ಕೊಂದು ಹಾಳೆಯ ತುಂಬ ಅಮ್ಮೋರು ಮೇಲಿಂದ ನೀರು ಹಾಕಿದ ಆ ಒಂದೇ ಸಾಲು. ಮೊದಮೊದಲು ಅಂಕುಡೊಂಕು, ಬರಬರುತ್ತ ನೇರ, ಕೊನೆಯ ಹಾಳೆಯಲ್ಲಿ ನಾನು ಕಲಿಸಿದ್ದಕ್ಕಿಂತ ದುಂಡಗಿನ ಅಕ್ಷರ. ಅಲ್ಲಿಂದ ಮುಂದೆ ಡೈರಿ ಖಾಲಿ.

ಮಗಳು ಹುಮನಾಬಾದಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ, ಚೆನ್ನಾಗಿ ಓದಿದವಳು. "ನೀನು ಇದನ್ನೆಲ್ಲ ಓದೀಯೇನವ್ವಾ?" ಎಂದೆ.

"ಓದೀನ್ರಿ. ಈಗ ನೀವ್ ಓದ್ರಿ ಅಕ್ಕೋರೆ. ಜೋರಾಗಿ."

ಕನ್ನಡಕ ಒರೆಸಿಕೊಂಡು ಓದಿದೆ, ಶನಿವಾರದಿಂದ ಕೊನೆಯ ಹಾಳೆಯ ತನಕ, ಒಂದು ಸಾಲೂ ಬಿಡದೆ. ಕೇಳಬೇಕಾಗಿದ್ದ ಆಕೆ ಇರಲಿಲ್ಲ.